ಖುರ್ಚಿ ಮ್ಯಾಲ ಕುಂತವ

ಸವದತ್ತಿ ಬಸ್‌ಸ್ಟ್ಯಾಂಡ್ ಎದುರಿಗೆ ನನ್ನ ಕ್ಷೌರದ ಅಂಗಡಿ. ರೇಷನ್ ಅಕ್ಕಿ ಕಳ್ಳತನದ ಬಗ್ಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟವನೊಬ್ಬ ಓಡಿಬಂದು ಖುರ್ಚಿ ಮ್ಯಾಲ ಕುಂತ. ಅರ್ಧ ಗಡ್ಡ ತಗದಿದ್ದೆ, ಅವನೂರಿನ ನಾಲ್ಕು ಮಂದಿ ಬಡಿಗಿ ಹಿಡಕೊಂಡು ಬಂದ್ರು.

"ನಮ್ಮೂರ ಮನಶ್ಯಾ, ನಮ್ಮ ಕೈಗೆ ಕೊಡ್ರಿ."

ಪಾಳಿ ಕಾಯಾಕತ್ತಿದ್ದ ಗಿರಾಕಿಗಳೊಳಗ ವಾದ ಹತ್ತಿತು. "ಊರಿನ ಮಾನ ಕಳದಾನ, ಕೊಟ್ಟಬಿಡ್ರಿ," ಅಂದ ಒಬ್ಬ. "ಖರೇ ಹೇಳ್ಯಾನ, ಕೊಡಬ್ಯಾಡ್ರಿ," ಅಂದ ಇನ್ನೊಬ್ಬ ಪೊಲೀಸರನ್ನ ಕರಿಯಾಕ ಓಡಿದ.

ನಾನು ಕತ್ತಿ ಮಸದೆ. "ಈ ಖುರ್ಚಿ ಮ್ಯಾಲ ಕುಂತವ ನನ್ನ ಗಿರಾಕಿ. ಕೆಲಸ ಮುಗಿಯೂತನಕ ಯಾರಿಗೂ ಕೊಡಂಗಿಲ್ಲ."

ಗಡ್ಡ ಮುಗದ್ರೂ, ಪೊಲೀಸರು ಬರೂತನಕ ಕತ್ತಿ ನಿಲ್ಲಿಸಲಿಲ್ಲ. ಎಲ್ಲಾರೂ ನನ್ನ ಧೈರ್ಯ ಹೊಗಳಿದ್ರು. ಖುರ್ಚಿ ಮ್ಯಾಲಿದ್ದವ ಮಾತ್ರ ಕನ್ನಡಿ ನೋಡಿ, "ನನ್ನ ಮೀಶಿ ಎಲ್ರಿ?" ಅಂದ.