ಲಿಲಾವಿನ ಮೇಜಿನ ಮೇಲೆ ಬಾವುಟ

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಬುಟ್ಟಿಗೆ ತುಂಬಿಕೊಂಡು ಶೇವಂತಾ ದಿನಾ ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೋಗುತ್ತಾಳೆ. ಸ್ಟೇಶನ್ ಬಜಾರದಲ್ಲಿ ಅವಳು ಗಂಟಲು ತೆಗೆದರೆ ರೈಲಿನ ಸಿಳ್ಳೆಯೂ ಸಣ್ಣದೆನಿಸುತ್ತದೆ. ಕೊಳ್ಳದೆ ಬರೀ ಹಣ್ಣು ಹಿಚುಕಿ ನೋಡುವವರನ್ನು ಕಂಡರೆ ಅವಳಿಗೆ ಆಗಿಬರುವುದಿಲ್ಲ. ಯಾರಿಗೆ ತಾನೇ ಆಗಿಬರುತ್ತದೆ?

ಭಾನುವಾರ ಆ ಗಂಟಲು ದೇವರ ಪಾಲು. ಕಮಲಾಪುರದ ಅವರ ಪುಟ್ಟ ಚರ್ಚಿನಲ್ಲಿ ಒಂದು ಪದ್ಧತಿಯಿದೆ. ಹಿತ್ತಲಿನ ಮೊದಲ ಕಾಯಿ, ಕೋಳಿಮೊಟ್ಟೆ, ಸೇರು ತೊಗರಿ, ಯಾರು ಏನು ತಂದರೂ ಶಿಲುಬೆಯ ಮುಂದಿನ ಮೇಜಿನ ಮೇಲಿಡಬೇಕು. ಆರಾಧನೆ ಮುಗಿದ ಮೇಲೆ ಅದೆಲ್ಲ ಲಿಲಾವಿಗೆ, ಅಂದರೆ ಹರಾಜಿಗೆ, ಬರುತ್ತದೆ. ಕೂಗುವವಳು ಶೇವಂತಾ. ಜಿಪುಣರ ಕಾಲೆಳೆದು, ಒಂದು ಕುಂಬಳಕಾಯಿಗೆ ಇಬ್ಬರು ಬೀಗರನ್ನು ಜಿದ್ದಿಗೆ ಬೀಳಿಸುವುದರಲ್ಲಿ ಅವಳದು ಎತ್ತಿದ ಕೈ. ಮೇಜಿಗೆ ಬಂದದ್ದು ಕೊಟ್ಟವರ ಮನೆಗೆ ತಿರುಗಿ ಹೋಗುವಂತಿಲ್ಲ. ಇದೊಂದರಲ್ಲಿ ಅವಳು ಬಲು ಕಟ್ಟುನಿಟ್ಟು.

ಅವಳ ಒಬ್ಬಳೇ ಮಗಳು ಪ್ರೀತಿ ಗಡಿ ಕಾಯುವ ಪಡೆಯಲ್ಲಿದ್ದಾಳೆ. ಈ ಸಲ ಕ್ರಿಸ್‌ಮಸ್ಸಿಗೂ ರಜೆ ಸಿಗಲಿಲ್ಲ. ಹಿಂದಿನ ಸಲ ಬಂದಾಗ ಅವ್ವನ ಕೈಗೊಂದು ಬಾವುಟ ಕೊಟ್ಟು ಹೋಗಿದ್ದಳು. ಗಣರಾಜ್ಯೋತ್ಸವ ಭಾನುವಾರವೇ ಬಂದಿದೆ ಎಂದು ತಿಳಿದದ್ದೇ ತಡ, ಶೇವಂತಾ ಅದನ್ನು ಹಿಡಿದುಕೊಂಡು ಸಭಾಪಾಲಕ ಅರುಣಕುಮಾರರ ಬಾಗಿಲಿಗೆ ಹೋದಳು.

"ಇದನ್ನ ಮೇಜಿನ ಮ್ಯಾಲ ಇಡ್ತೀನ್ರಿ. ದೇಶದ ಹಾಡೂ ಒಳಗೇ ಹಾಡೋಣ್ರಿ."

"ಹೊರಗ ಅಂಗಳದಾಗ ಏರಿಸೋಣ, ಶೇವಂತಕ್ಕ. ಒಳಗ ಅಂದ್ರ ಪ್ರಭು ಒಬ್ಬನಿಗೇ ಹಾಡೋ ಜಾಗಾ."

"ನನ್ನ ಮಗಳು ಹೊರಗೇ ನಿಂತಾಳ್ರಿ, ಥಂಡ್ಯಾಗ. ಅಕಿ ಬಾವುಟಾನೂ ಹೊರಗೇನು? ಇದು ಒಳಗಿದ್ರ ಅಕೀನೇ ದೇವರ ಮುಂದ ನಿಂತಂಗ ಆಗ್ತದ. ಅವ ನೋಡ್ತಾನ, ಕಾಯ್ತಾನ."

ಅರುಣಕುಮಾರರದು ಮೃದು ಜೀವ. ಅವಳ ಕಣ್ಣು ತುಂಬಿದ್ದನ್ನು ನೋಡಿ ಹೂಂ ಎಂದುಬಿಟ್ಟರು.

ಆ ಭಾನುವಾರ ಬಾವುಟ ಹಿತ್ತಾಳೆಯ ಹೂದಾನಿಯಲ್ಲಿ ಮೇಜಿನ ಮೇಲೆ, ಶಿಲುಬೆಯ ಮುಂದೆಯೇ ನಿಂತಿತು. ಎಲ್ಲರೂ ಎದ್ದು ರಾಷ್ಟ್ರಗೀತೆ ಹಾಡಿದರು. ಶೇವಂತಾಳ ಎದೆ ಉಬ್ಬಿ ಬಂತು. ಸುಳ್ಳು ಯಾಕೆ, ಚೆನ್ನಾಗಿಯೇ ಇತ್ತು.

ಆಮೇಲೆ ಲಿಲಾವು ಶುರುವಾಯಿತು. ಬಾಳೆಗೊನೆ ಹೋಯಿತು, ಬದನೆಕಾಯಿ ಹೋಯಿತು, ಮೊಟ್ಟೆ ಹೋದವು. ಶೇವಂತಾಳಿಗೆ ಮಾತಿನ ಭರ ಏರಿತ್ತು. ಮೇಜಿನ ಮೇಲೆ ಉಳಿದದ್ದನ್ನು ಕೈ ತಾನಾಗಿ ಎತ್ತಿತು, ಬಾಯಿ ರೂಢಿಯಂತೆ ಕೂಗಿತು.

"ಇದಕ್ಕ ಯಾರೇನ್ ಕೊಡ್ತೀರಿ? ಒಂದ್ ಸಾರಿ..."

ಚರ್ಚಿಗೆ ಚರ್ಚೇ ಅವಳತ್ತ ತಿರುಗಿತು. ಮೇಲೆತ್ತಿದ ಕೈಯಲ್ಲಿ ಪ್ರೀತಿಯ ಬಾವುಟವಿತ್ತು.

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದರೇನೋ. ಅವಳ ಮುಖ ನೋಡಿ ಯಾರಿಗೂ ನಗು ಬರಲಿಲ್ಲ. ಅವಳು ಅದನ್ನು ಇಳಿಸಿ ಎದೆಗೆ ಅವುಚಿಕೊಂಡಳು.

"ಈ ಮೇಜಿಗೆ ಬಂದದ್ದು ಬಿಟ್ಟುಕೊಟ್ಟಂಗ್ರಿ. ನಾ ಮಗಳನ್ನ ಬಿಟ್ಟುಕೊಡಾಕ ಬಂದಿಲ್ಲ. ತಿರುಗಿ ಕೊಡಪ್ಪಾ ಅಂತ ಕೇಳಾಕ ಬಂದೀನಿ."

ಅರುಣಕುಮಾರರು 'ನಾ ಹೇಳಿರಲಿಲ್ವೇ' ಎನ್ನಲಿಲ್ಲ. ಅಷ್ಟಕ್ಕೇ ಅವರ ಮೇಲೆ ಅಕ್ಕರೆ ಹುಟ್ಟಬೇಕು. ತಾವೇ ಹೋಗಿ ಅಂಗಳದಲ್ಲಿ ಬಿದಿರಿನ ಗಳ ನೆಟ್ಟರು. ಬಾವುಟ ಬಿಸಿಲಿಗೆ ಬಿಚ್ಚಿಕೊಂಡಿತು. ಮತ್ತೊಮ್ಮೆ ಹಾಡು ಶುರುವಾದಾಗ ರಸ್ತೆಯಾಚೆ ಚಹಾ ಕುಡಿಯುತ್ತಿದ್ದವರೂ ಎದ್ದು ನಿಂತು ದನಿಗೂಡಿಸಿದರು.

ಹಾಡು ಮುಗಿದ ಮೇಲೆ ಶೇವಂತಾ ಒಬ್ಬಳೇ ಒಳಗೆ ಬಂದಳು. ಮೇಜು ಬರಿದಾಗಿತ್ತು. ಮೊಣಕಾಲೂರಿ ದಿನಾ ಮಾಡುವ ಪ್ರಾರ್ಥನೆಯನ್ನೇ ಹೇಳಿದಳು: "ನನ್ನ ಪ್ರೀತಿನ್ನ ಕಾಯಪ್ಪ."

ಏಳಲು ಹೋದವಳು ಏಳಲಿಲ್ಲ. ಇಡೀ ಸ್ಟೇಶನ್ ಬಜಾರ ಕೇಳುವಂತೆ ಕೂಗುವವಳು ಇನ್ನೊಂದು ಮಾತನ್ನು ತನಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಗಡಿ ಬೇಲಿ ಆ ಕಡಿ ನಿಂತವನಿಗೂ ಒಬ್ಬಾಕಿ ಅವ್ವ ಇರ್ತಾಳ. ಅಕಿ ಮಗನ್ನೂ ಕಾಯಪ್ಪ."