ಇಡೀ ಬಟ್ಟೆಯ ಜಂಪರು

ಶಹಾಬಾದಿನ ಹಳೇ ಬಜಾರಿನ ಸಂದಿಯಲ್ಲಿ ದರ್ಜಿ ಅಮೀರ್ ಅಲಿಯ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಖೋಲಿಯೇ. ನಡುವೆ ಒಂದು ಪರದೆ. ಪರದೆಯ ಈಚೆ ಮಷೀನಿನ ಮುಂದೆ ಅವನು. ಆಚೆ ಗುಂಡಿ ಹಚ್ಚುತ್ತ, ಕಾಜಾ ಕಟ್ಟುತ್ತ ಅವನ ಹೆಂಡತಿ ಇಮಾಮ್ಬೀ. ಗಂಡಸು ಗಿರಾಕಿ ಬಂದರೆ ಅಮೀರ್ ಅಲಿ ಟೇಪು ಹಿಡಿದು ಅಳತೆ ಕೂಗಬೇಕು, ಒಳಗೆ ಅವಳು ನೆಲದ ಫರ್ಸಿಗಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳಬೇಕು. ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು ಅವಳಿಗೆ. ಬಟ್ಟೆ ಒಯ್ದ ಮೇಲೆ ಒದ್ದೆ ಅರಿವೆಯಿಂದ ಒರೆಸಿಬಿಟ್ಟರೆ ಮುಗಿಯಿತು. ಕಲ್ಲಿನ ಊರಲ್ಲಿದ್ದು ಕಾಗದಕ್ಕೆ ಯಾರು ರೊಕ್ಕ ಹಾಕುತ್ತಾರೆ? ಹೆಂಗಸರ ಮೈಗೆ ಮಾತ್ರ ಅವನು ಟೇಪು ಹಿಡಿಯುತ್ತಿರಲಿಲ್ಲ. ಅವರು ತಮಗೆ ಸರಿಯಾಗಿ ಕೂಡುವ ಹಳೆಯ ಜಂಪರೊಂದನ್ನು ಕೊಟ್ಟು ಕಳಿಸುವುದು, ಇವನು ಅದನ್ನು ಹಾಸಿಕೊಂಡು ಹೊಸದನ್ನು ಕತ್ತರಿಸುವುದು. ಅದಕ್ಕೆ ಅಳತೆ ಜಂಪರು ಎಂದೇ ಹೆಸರು.

ಭಂಕೂರದ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದವನ ಮಗ ಅಮೀರ್ ಅಲಿ. ಅಪ್ಪ ಬೇಗ ಹೋದ. ಹುಡುಗ ಶಹಾಬಾದಿಗೆ ಬಂದು ಉಸ್ತಾದನೊಬ್ಬನ ಕಾಲ ಬಳಿ ಕೂತು ಕಸುಬು ಕಲಿತ. ಹಸಿದು ಬೆಳೆದವನಿಗೆ ಉಳಿಸುವುದನ್ನು ಯಾರೂ ಕಲಿಸಬೇಕಿಲ್ಲ. ಹರಿದ ದಾರಕ್ಕೆ ದಾರ ಗಂಟು ಹಾಕಿ ಹೊಲಿದ. ಕುದಿಸಿದ ಚಹಾಪುಡಿಯನ್ನು ಒಣಗಿಸಿ ಮತ್ತೆ ಕುದಿಸಿದ. ಒಬ್ಬಳೇ ಮಗಳು ನಾಹಿದಾಳ ಸಾಲೆಯ ಲಂಗಕ್ಕೆ ಒಳಗೆ ಇಷ್ಟಗಲ ಬಟ್ಟೆ ಮಡಚಿ ಬಿಟ್ಟು, ಅವಳು ಬೆಳೆದಂತೆಲ್ಲ ಒಂದೊಂದೇ ಮಡಿಕೆ ಬಿಚ್ಚಿದ. ಹಳೆಯ ಮಡಿಕೆಯ ಗೆರೆಗಳು ಲಂಗದ ತುದಿಯಲ್ಲಿ ಹಾಗೇ ಉಳಿಯುತ್ತಿದ್ದವು. ಸಾಲೆಯ ಹುಡುಗಿಯರು ಅವನ್ನು ಬೆರಳಲ್ಲಿ ತೋರಿಸಿ ನಗುತ್ತಿದ್ದರು. ನಾಹಿದಾ ಅತ್ತುಕೊಂಡು ಬಂದರೆ, "ನಗೋರಿಗೆ ಹಲ್ಲದಾವ, ನಗಲಿ. ನಿನಗ ಲಂಗ ಅದ, ಹಾಕೋ," ಎನ್ನುತ್ತಿದ್ದ.

ಇಮಾಮ್ಬೀಯ ಜಂಪರುಗಳದ್ದು ಬೇರೆಯೇ ಕಥೆ. ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಕೂಡಿಸಿ ಅಮೀರ್ ಅಲಿ ಹೆಂಡತಿಗೆ ಹೊಲಿಯುತ್ತಿದ್ದ. ತೋಳೊಂದು ಬಣ್ಣ, ಎದೆಯೊಂದು ಬಣ್ಣ. ಎದುರಿನ ಕಟ್ಟೆಯ ಮೇಲೆ ಕಾಯಿಪಲ್ಲೆ ಮಾರುವ ಶಿವಕಾಂತಮ್ಮ ಅವಳನ್ನು ಕಂಡಾಗಲೆಲ್ಲ ಕೂಗುವವಳು:

"ಏ ಇಮಾಮ್ಬೀ, ಈ ತೋಳು ಗೌಡರ ಸೊಸಿದಲ್ಲ? ಬೆನ್ನು ಯಾರದವ್ವಾ?"

"ಬೆನ್ನು ಇಬ್ಬರದು ಅಕ್ಕಾ. ನಡುವ ಜೋಡಿಸ್ಯಾರ."

"ಇಡೀ ಶಹಾಬಾದ ಹೊತ್ಕೊಂಡು ತಿರಗತೀ ನೋಡು!"

ಇಬ್ಬರೂ ನಗುತ್ತಿದ್ದರು. ಮಷೀನು ತುಳಿಯುತ್ತ ಅಮೀರ್ ಅಲಿಯೂ ಮೀಸೆಯಲ್ಲಿ ನಗುತ್ತಿದ್ದ.

ಉಳಿಸಿದ್ದರಲ್ಲಿ ಮನೆಗೆ ಗಟ್ಟಿ ಛಾವಣಿಯಾಯಿತು, ಮಷೀನಿಗೆ ಮೋಟರು ಬಂತು. ನಾಹಿದಾಳನ್ನು ಹತ್ತಿರದ ವಾಡಿ ಊರಿಗೆ ಕೊಟ್ಟು ಮದುವೆ ಮಾಡಿದ್ದೂ ಆಯಿತು. ಮಾಡಬೇಕಾದ್ದೆಲ್ಲ ಮುಗಿದ ಮೇಲೂ ಉಳಿಸುವ ಚಟ ಹೋಗಲಿಲ್ಲ. ಇನ್ನು ಯಾರ ಸಲುವಾಗಿ ಉಳಿಸುತ್ತೀ ಎಂದು ಕೇಳಿದವರ ಮೇಲೆ ಸಿಟ್ಟಿಗೇಳುತ್ತಿದ್ದ. ಗಂಡನಿಂದ ಅದೇ ಚಟ ಹತ್ತಿಸಿಕೊಂಡ ಇಮಾಮ್ಬೀ ಹೊಟ್ಟೆನೋವನ್ನೂ ಹಾಗೇ ಉಳಿಸಿಕೊಂಡು ಬಂದಳು. ಅಜವಾನ ಅಗಿದಳು, ಬಿಸಿನೀರು ಕುಡಿದಳು, ಡಾಕ್ಟರ ಮುಖ ಮಾತ್ರ ನೋಡಲಿಲ್ಲ. ನಾಹಿದಾ ಬಂದು ಜಗಳ ಮಾಡಿ ಕಲಬುರಗಿಗೆ ಎಳೆದುಕೊಂಡು ಹೋಗುವ ಹೊತ್ತಿಗೆ ಹೊತ್ತು ಮೀರಿತ್ತು.

ಡಾಕ್ಟರು ಅಮೀರ್ ಅಲಿಯೊಬ್ಬನನ್ನೇ ಒಳಗೆ ಕರೆದು ಹೇಳಿದರು: "ಇನ್ನ ಔಷಧದ್ದು ಏನೂ ಇಲ್ರಿ. ಅವರು ಏನ್ ಬೇಡ್ತಾರ ಅದನ್ನ ಕೊಡ್ರಿ. ಖುಷಿ ಇಡ್ರಿ."

"ಖುಷಿ ಯಾವ ಅಂಗಡ್ಯಾಗ ಸಿಗ್ತದ್ರಿ? ಅದನೂ ಚೀಟ್ಯಾಗ ಬರದು ಕೊಡ್ರಿ!" ಎಂದು ಅವನು ಒದರಿದ್ದು ಹೊರಗಿನ ಬೆಂಚಿನ ತನಕ ಕೇಳಿಸಿತು. ಹೊರಗೆ ಬಂದವನು ಹೆಂಡತಿಗೆ, "ಗ್ಯಾಸಂತ. ಗಾಬರಿ ಇಲ್ಲಂತ," ಎಂದ.

ಅಂದಿನಿಂದ ಅವನು ಖರ್ಚು ಮಾಡುವುದನ್ನು ಕಲಿಯಲು ಹೊರಟ. ಎಲ್ಲರಿಗೂ ಬರುವ ವಿದ್ಯೆ ಅದು, ಅವನಿಗೆ ಬರಲಿಲ್ಲ. ನಾಹಿದಾಳನ್ನು ಅದೇ ರೈಲಿನಲ್ಲಿ ವಾಡಿಗೆ ಬಿಟ್ಟು, ಶಹಾಬಾದ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಆಟೋ ಮಾಡಿದ. ಇಮಾಮ್ಬೀ ಹತ್ತಿ ಕೂತವಳು ದಾರಿಯಲ್ಲಿ ಬುಟ್ಟಿ ಹೊತ್ತು ಹೊರಟಿದ್ದ ಶಿವಕಾಂತಮ್ಮನನ್ನು ಕಂಡು ಆಟೋ ನಿಲ್ಲಿಸಿಯೇ ಬಿಟ್ಟಳು.

"ಬರ್ರಿ ಅಕ್ಕಾ, ಕುಂದ್ರಿ. ಜಾಗಾ ಖಾಲಿ ಹೊಂಟದ."

"ಆಟೋದಾಗ ಅಮೀರಣ್ಣ! ಸೂರ್ಯ ಯಾಕಡಿ ಹುಟ್ಯಾನವ್ವಾ ಇವತ್ತ?" ಎನ್ನುತ್ತ ಶಿವಕಾಂತಮ್ಮ ಮೆಂತ್ಯಪಲ್ಲೆಯ ಬುಟ್ಟಿ ಅಮೀರ್ ಅಲಿಯ ತೊಡೆಯ ಮೇಲಿಟ್ಟು ಹತ್ತಿದಳು.

ಅಂಗೂರ ತಂದ. ಇಮಾಮ್ಬೀ ಒಂದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಓಣಿಗೆ ಹಂಚಿದಳು. ಅತ್ತರಿನ ಸಣ್ಣ ಸೀಸೆ ತಂದು, ಗಿರಾಕಿಯೊಬ್ಬ ಪುಕ್ಕಟೆ ಕೊಟ್ಟನೆಂದು ಸುಳ್ಳು ಹೇಳಿದ. ಮರುದಿನ ನೋಡಿದರೆ ಅವಳು ಹೊಲಿದು ಇಸ್ತ್ರಿ ಮಾಡಿಟ್ಟ ಗಿರಾಕಿಗಳ ಬಟ್ಟೆಗೆಲ್ಲ ಒಂದೊಂದು ಹನಿ ಹಚ್ಚುತ್ತಿದ್ದಾಳೆ.

"ಏನ್ ಮಾಡ್ಲಿಕತ್ತೀಯೇ ಅದು?"

"ಛಲೋ ವಾಸನಿ ಬಂದ್ರ ಮತ್ತ ನಮ್ಮಲ್ಲೇ ಹೊಲಿಲಿಕ್ಕ ಬರ್ತಾರ್ರಿ."

"ನಿನ್ನ ಮೈಗೆ ಹಚ್ಕೊಳೇ! ಊರ ಮಂದಿಗಂತ ಅಲ್ಲ ನಾ ರೊಕ್ಕ ಕೊಟ್ಟು ತಂದಿದ್ದು!"

ಬಾಯಿಂದ ಬಿದ್ದ ಮೇಲೆ ಅವನಿಗೆ ತಿಳಿಯಿತು. ಇಮಾಮ್ಬೀ ಸೀಸೆಯ ಮುಚ್ಚಳ ಹಾಕಿದಳು.

"ರೊಕ್ಕ ಕೊಟ್ಟೀರಿ ಅಂತ ಗೊತ್ತದ. ನೀವು ಅಂಗೂರ ತಂದ ದಿನಾನೇ ತಿಳೀತು, ಡಾಕ್ಟರ ಏನ್ ಹೇಳ್ಯಾನಂತ."

ಅಮೀರ್ ಅಲಿ ಮಷೀನಿನ ಗಾಲಿಯನ್ನು ಸುಮ್ಮನೆ ಕೈಯಲ್ಲಿ ತಿರುಗಿಸಿದ. ನೋಡಿ, ಎಂಥ ಬಾಳು ಅದು! ಗಂಡ ಹಣ್ಣು ತಂದರೆ ಹೆಂಡತಿಗೆ ತನ್ನ ಸಾವು ಗೊತ್ತಾಗಬೇಕೇ?

ಸೀಸೆಯನ್ನು ಗೂಡಿನಲ್ಲಿಟ್ಟು ಅವಳೇ ಅಂದಳು: "ತರೋದೇ ಇದ್ರ ಒಂದ್ ಕೇಳ್ತೀನಿ, ಬೈಬ್ಯಾಡ್ರಿ. ನಾಹಿದಾನ ಮೈದುನಂದು ವಲೀಮಾ ಬಂತು, ಮದಿವಿ ಊಟ, ವಾಡ್ಯಾಗ. ಜೋಡಣಿ ಇಲ್ಲದ್ದು ಒಂದು ಜಂಪರು ಹಾಕೋಬೇಕಂತ ಅದ. ಇಡೀ ಬಟ್ಟಿದು. ಮಖಮಲ್ಲಿಂದು."

"ಈ ಬಿಸಲಾಗ ಮಖಮಲ್ಲಾ?"

"ಹೌದ್ರಿ. ಬಿಸಲಾಗ."

ಅವಳು ಗೂಟಕ್ಕೆ ನೇತುಹಾಕಿದ್ದ ಟೇಪು ತೆಗೆದುಕೊಂಡು ಅವನ ಮುಂದೆ ನಿಂತಳು. ಅಮೀರ್ ಅಲಿ ಕೈ ಬೀಸಿದ. "ನಿನ್ನ ಅಳತಿ ನನಗ ಗೊತ್ತಿಲ್ಲೇನು? ಇಷ್ಟು ವರ್ಷ ಹೊಲಿದವ ಯಾರು?" ಅವಳು ಟೇಪನ್ನು ಗೂಟಕ್ಕೆ ಹಾಕಿ ಒಳಗೆ ಹೋದಳು. ಅವನು ಬಟ್ಟೆಯ ಗಂಟಿನಿಂದ ಅವಳ ಹಳೆಯ ಜಂಪರೊಂದನ್ನು ಎಳೆದು ಬಗಲಲ್ಲಿ ಇಟ್ಟುಕೊಂಡು ಶಾಕೀರನ ಬಟ್ಟೆ ಅಂಗಡಿಗೆ ನಡೆದ.

"ಯಾವ ಗಿರಾಕಿದು ಚಾಚಾ?" ಎಂದ ಶಾಕೀರ.

"ನಮ್ಮ ಮನಿದು."

ಶಾಕೀರ ಗಕ್ಕನೆ ತಲೆ ಎತ್ತಿದ. ಚಾಚಾನ ಕಷ್ಟ ಅರಿತವನಂತೆ, "ಮಖಮಲ್ಲಿನ ತುಂಡು ಒಂದೆರಡು ಉಳದಾವ ಚಾಚಾ, ಕಮ್ಮಿ ಹಾಕಿ ಕೊಡ್ತೀನಿ," ಎಂದ.

"ತುಂಡು ನಿನ್ನ ಗಲ್ಲೇದಾಗ ಇಟ್ಕೋ! ಥಾನ ಬಿಚ್ಚು!"

ಥಾನಿನ ಸುರುಳಿಯಿಂದ ಕತ್ತರಿಸಿ ಕೊಟ್ಟ ಕಡುಹಸಿರು ಮಖಮಲ್ಲು. ಮನೆಗೆ ತಂದು ಹಾಸಿ ಅಮೀರ್ ಅಲಿ ಬಹಳ ಹೊತ್ತು ಕೂತ. ದರ್ಜಿಯಾದವನು ಅಂಚಿಗೆ ಒತ್ತಿ ಗುರುತು ಹಾಕುತ್ತಾನೆ, ಉಳಿದದ್ದು ಇನ್ನೊಂದಕ್ಕೆ ಬರಲಿ ಎಂದು. ಅವನು ಹಾಗೆ ಮಾಡಲಿಲ್ಲ. ಬಟ್ಟೆಯ ನಟ್ಟನಡುವೆ ಅಳತೆ ಜಂಪರು ಇಟ್ಟು, ನಟ್ಟನಡುವೆ ಕತ್ತರಿ ಹಾಕಿದ. ಸುತ್ತ ಉಳಿದದ್ದು ಯಾವುದಕ್ಕೂ ಬಾರದ ಹಾಗೆ ಹಾಳಾಯಿತು. ಹಾಳು ಮಾಡಿದ್ದನ್ನು ನೋಡಿ ಅವನಿಗೆ ಎದೆ ಹಗುರಾಯಿತು. ಆದರೆ ಕೈಯ ಚಟ ಎಲ್ಲಿ ಹೋಗುತ್ತದೆ? ಮುಂದೆ ದಪ್ಪ ಆದರೆ ಬಿಚ್ಚಲು ಇರಲಿ ಎಂದು ಎರಡೂ ಬದಿಗೆ ಒಳಗೆ ಅಗಲವಾಗಿ ಬಟ್ಟೆ ಬಿಟ್ಟೇ ಹೊಲಿದ.

ವಲೀಮಾದ ದಿನ ಬೆಳಿಗ್ಗೆ ಅಮ್ಮನನ್ನು ಕರೆದೊಯ್ಯಲು ನಾಹಿದಾ ವಾಡಿಯಿಂದ ಬಂದಳು. ಪರದೆಯ ಹಿಂದೆ ಅಮ್ಮನಿಗೆ ಜಂಪರು ತೊಡಿಸಿದಳು. ಅಮೀರ್ ಅಲಿ ಕಾದ, ಕೆಮ್ಮಿದ, ಕೊನೆಗೆ ಪರದೆ ಸರಿಸಿದ.

ಜಂಪರು ಇಮಾಮ್ಬೀಯ ಹೆಗಲಿನಿಂದ ಜಾರಿ ಮೊಣಕೈಗೆ ಬಂದಿತ್ತು. ಗೂಟಕ್ಕೆ ನೇತುಹಾಕಿದ ಹಾಗಿತ್ತು ಮೈಮೇಲೆ. ದಿನಾ ಕಣ್ಣೆದುರಿಗೇ ಇದ್ದವಳು. ಸೆರಗು ಹೊದ್ದು ತಿರುಗುತ್ತಿದ್ದವಳು ಸೆರಗಿನೊಳಗೆ ಎಷ್ಟು ಕರಗಿದ್ದಾಳೆಂದು ಅವನು ನೋಡಿಯೇ ಇರಲಿಲ್ಲ. ಹಳೆಯ ಜಂಪರುಗಳಿಗೆ ಅವಳು ಬೆನ್ನ ಹಿಂದೆ ಪಿನ್ನು ಹಾಕಿಕೊಳ್ಳುತ್ತಿದ್ದಳಂತೆ.

"ಯಾರ ಗಿರಾಕಿದ್ರಿ ಇದು?" ಇಮಾಮ್ಬೀ ನಕ್ಕಳು. "ಅದಲುಬದಲು ಮಾಡಿ ಕೊಟ್ಟೀರಿ."

ಅಮೀರ್ ಅಲಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಮಗಳ ಮೇಲೆ ಹರಿಹಾಯ್ದ. "ನೀ ಹೇಳಬಾರದೇನು? ತಿಂಗಳಿಗೊಮ್ಮೆ ಬಂದು ಕೈ ಬೀಸ್ಕೊಂತ ಹೋಗೋದಷ್ಟೇ ಏನು?"

"ನನಗ್ಯಾಕ ಬೈತೀರಿ ಅಬ್ಬಾ? ಮನ್ಯಾಗ ಇರೋರು ನೀವು!" ಎಂದು ನಾಹಿದಾ ಅಳಲು ಶುರುಮಾಡಿದಳು.

ಇಮಾಮ್ಬೀ ಇವರಿಬ್ಬರ ಕಡೆ ನೋಡಲೇ ಇಲ್ಲ. ಜಂಪರಿನ ಬದಿ ತಿರುವಿ ಒಳಗಿನ ಹೊಲಿಗೆಯನ್ನು ಬೆರಳಲ್ಲಿ ಮುಟ್ಟುತ್ತಿದ್ದಳು.

"ಇಷ್ಟು ಬಿಟ್ಟೀರಲ್ರಿ ಒಳಗ. ನಾ ಇನ್ನೂ ದಪ್ಪ ಆಗ್ತೀನಂತ ಮಾಡಿದ್ರೇನು?"

ಅವನು ಗೂಟದ ಮೇಲಿದ್ದ ಟೇಪು ತೆಗೆದುಕೊಂಡು ಬಂದ. ಊರಿನ ಎಷ್ಟೋ ಮೈಗಳ ಸುತ್ತ ಹೋಗಿ ಬಂದ ಟೇಪು, ಹೆಂಡತಿಯ ಮೈಗೆ ಅದೇ ಮೊದಲು. ಇಮಾಮ್ಬೀ ತೋಳೆತ್ತಿ ನೆಟ್ಟಗೆ ನಿಂತಳು, ಹೊಸ ಮದುವಣಗಿತ್ತಿಯ ಹಾಗೆ.

"ಹೇಳ್ರಿ. ಬರ್ಕೋತೀನಿ," ಎಂದಳು. ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಇದ್ದಳು.

ಟೇಪು ತೋರಿಸಿದ ಅಂಕಿ ಒಂದು ಸಣ್ಣ ಹುಡುಗಿಯದು. ಅದನ್ನು ನಾಲಿಗೆಯ ಮೇಲೆ ತರಲು ಅವನಿಗೆ ಆಗಲಿಲ್ಲ.

"ಮೂವತ್ತೆಂಟು," ಎಂದ. ಅವಳ ಹಳೆಯ ಅಳತೆ.

ಇಮಾಮ್ಬೀ ಅವನ ಮುಖವನ್ನೊಮ್ಮೆ ನೋಡಿ, ಕಷ್ಟಪಟ್ಟು ಬಗ್ಗಿ, ಫರ್ಸಿಯ ಮೇಲೆ ಮೂವತ್ತೆಂಟು ಎಂದೇ ಬರೆದುಕೊಂಡಳು.

ಅವನು ಖರೇ ಅಳತೆಯನ್ನೇ ಹಿಡಿದು ಜಂಪರು ಒತ್ತಿ ಹೊಲಿದ. ಹೆಚ್ಚಾದದ್ದನ್ನು ಕತ್ತರಿಸಲಿಲ್ಲ, ಒಳಗೇ ಮಡಚಿದ. ಆಗ ಮೈಗೆ ಅಚ್ಚುಕಟ್ಟಾಗಿ ಕೂತಿತು. ಮೇಲೆ ಬುರ್ಖಾ ತೊಟ್ಟು ಹೊರಟಾಗ ಬಾಗಿಲಲ್ಲಿ ಶಿವಕಾಂತಮ್ಮ ತಡೆದಳು. "ಇಷ್ಟೆಲ್ಲಾ ಮಾಡಿ ಬುರ್ಖಾದಾಗ ಮುಚ್ಚಿದ್ಯಲ್ಲವ್ವಾ, ಯಾರಿಗೆ ಕಾಣ್ತದ?"

"ನನಗ ಗೊತ್ತದಲ್ಲ ಅಕ್ಕಾ, ಒಳಗ ಏನದ ಅಂತ."

ವಾಡಿಯಲ್ಲಿ ಗಂಡಸರ ಕಡೆ ಕೂತ ಅಮೀರ್ ಅಲಿ ಬಿರ್ಯಾನಿ ಬಿಟ್ಟು ಹೆಂಗಸರ ಕಡೆಯ ಪರದೆಯನ್ನೇ ನೋಡುತ್ತಿದ್ದ. ಹೆಂಗಸರ ಕಡೆಯಿಂದ ನಾಹಿದಾ ಓಡಿಬಂದು ಕಿವಿಯಲ್ಲಿ ಹೇಳಿ ಹೋದಳು: "ಅಬ್ಬಾ, ಅಮ್ಮಿ ಎಲ್ಲಾರ ಮುಂದ ತೋಳು ಚಾಚಿ, ಮುಟ್ಟಿ ನೋಡ್ರಿ, ಇಡೀ ಬಟ್ಟಿದು ಅಂತ ಹೇಳ್ಲಿಕತ್ತಾಳ."

ಆಮೇಲೆ ಇಮಾಮ್ಬೀ ಹೆಚ್ಚು ದಿನ ಇರಲಿಲ್ಲ. ಹೆಣಕ್ಕೆ ಸುತ್ತುವ ಕಫನ್ನಿನ ಬಟ್ಟೆಗೆ ಸೂಜಿ ತಾಗಿಸುವಂತಿಲ್ಲ. ಬಾಳೆಲ್ಲ ಹೊಲಿದ ಮನುಷ್ಯ ಆ ದಿನ ಗೋಡೆಗೆ ಒರಗಿ ಖಾಲಿ ಕೈಯಲ್ಲಿ ಕೂತಿದ್ದ.

ನಲವತ್ತನೆಯ ದಿನದ ಚಾಳೀಸ್ವಾ ಮುಗಿದ ಮೇಲೆ ನಾಹಿದಾ ಅಮ್ಮನ ಸೀರೆಗಳನ್ನು ಬಡವರಿಗೆ ಕೊಡಲು ಗಂಟು ಕಟ್ಟಿದಳು. ಹಸಿರು ಜಂಪರೊಂದನ್ನು ಮಾತ್ರ ಹಿಡಿದುಕೊಂಡು ಅಪ್ಪನ ಮುಂದೆ ನಿಂತಳು.

"ಅಬ್ಬಾ, ಒಳಗ ಬಟ್ಟಿ ಭಾಳ ಅದ. ಬಿಚ್ಚಿ ಕೊಡ್ರಿ, ನಾ ಹಾಕೋತೀನಿ. ಸುಮ್ಮ ಯಾಕ ಹಾಳ್ ಮಾಡೋದು?"

ಅವಳದು ತಪ್ಪಿಲ್ಲ. ಅವನೇ ಕಲಿಸಿದ್ದು. ಅಮೀರ್ ಅಲಿ ಬ್ಲೇಡು ತೆಗೆದುಕೊಂಡ, ಜಂಪರು ತಿರುವಿದ, ಒತ್ತಿ ಹೊಲಿದ ಹೊಲಿಗೆಗೆ ಬ್ಲೇಡು ಇಟ್ಟ. ಬಿಚ್ಚಿದರೆ ಇಮಾಮ್ಬೀಯ ಆ ಸಣ್ಣ ಹುಡುಗಿಯಂಥ ಅಳತೆ ಲೋಕದಲ್ಲಿ ಇನ್ನೆಲ್ಲೂ ಉಳಿಯುವುದಿಲ್ಲ. ಬ್ಲೇಡನ್ನು ಕೆಳಗಿಟ್ಟ.

"ಇರಲಿ ಬಿಡು ಬೇಟಾ."

"ಪೆಟ್ಟಿಗ್ಯಾಗ ನುಸಿ ತಿಂತದ ಅಬ್ಬಾ."

"ತಿನ್ನಲಿ! ಹಾಳಾಗಲಿ!" ಎಂದು ಗುಡುಗಿದ. ಮಗಳ ಕಣ್ಣು ತುಂಬಿದ್ದನ್ನು ಕಂಡು ದನಿ ಇಳಿಸಿದ. "ನಿನಗ ಹೊಸಾದು ತರ್ತೀನಿ. ಥಾನ ಬಿಚ್ಚಿಸಿ ತರ್ತೀನಿ. ಲಂಗದ ಗೆರಿ ನೋಡಿ ಹುಡಿಗ್ಯಾರು ನಗ್ತಿದ್ರಲ್ಲ... ಬಾ ಇಲ್ಲಿ. ನೆಟ್ಟಗ ನಿಂದ್ರು."

"ಅಳತಿ ಜಂಪರು ತಂದೀನಿ ಅಬ್ಬಾ, ಚೀಲದಾಗ ಅದ."

"ಬ್ಯಾಡ. ಟೇಪ್ ತಾ."

ನಾಹಿದಾ ತೋಳೆತ್ತಿ ನಿಂತಳು. ಅಮೀರ್ ಅಲಿ ಟೇಪು ಸುತ್ತಿ, ಕಣ್ಣು ಕಿರಿದು ಮಾಡಿ ಅಂಕಿ ನೋಡಿ, ಗಿರಾಕಿ ಬಂದಾಗ ಕೂಗುತ್ತಿದ್ದ ಹಾಗೆ ಪರದೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ:

"ಮೂವತ್ತಾರು!"

ಕೂಗಿ, ಟೇಪು ಹಿಡಿದ ಹಾಗೇ ನಿಂತ. ಒಳಗೆ ಫರ್ಸಿಯ ಮೇಲೆ ಸೀಮೆಸುಣ್ಣ ಗೀಚಿದ ಸದ್ದಾಗಬೇಕು, ಆಮೇಲೇ ಅವನು ಮುಂದಿನ ಅಳತೆಗೆ ಹೋಗುವುದು.

"ಅಬ್ಬಾ," ಎಂದಳು ನಾಹಿದಾ, ಇನ್ನೂ ತೋಳೆತ್ತಿಕೊಂಡೇ. "ನಾ ಬರ್ಕೋಲ್ಯಾ?"