ಎತ್ತಿನ ಮೇಲೆ ಬಂದ ಇತಿಹಾಸ

ರಾಯಬಾಗದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನ್ನ ಕೆಂಪು ಪೆನ್ನಿಗೆ ಒಂದು ಚಟವಿದೆ. ಉತ್ತರಪತ್ರಿಕೆಯಲ್ಲಿ ಎಲ್ಲೇ ಅನುಮಾನ ಬಂದರೂ ಅಂಚಿನಲ್ಲಿ 'ಪುರಾವೆ ಎಲ್ಲಿ?' ಎಂದು ಬರೆದುಬಿಡುತ್ತದೆ. ಈಚೆಗೆ ಒಬ್ಬ ವಿದ್ಯಾರ್ಥಿನಿ ಆಫ್ರಿಕದ ಮಾಲಿ ಸಾಮ್ರಾಜ್ಯದ ಬಗ್ಗೆ ಬರೆದಿದ್ದಳು: ಅದನ್ನು ಕಟ್ಟಿದ ಅರಸ ಚಿಕ್ಕಂದಿನಲ್ಲಿ ನಡೆಯಲಾರದವನು, ಒಂದು ದಿನ ಕಬ್ಬಿಣದ ಸಲಾಕೆ ಊರಿ ಎದ್ದು ನಿಂತನಂತೆ, ಕಥೆಗಾರರ ಮನೆತನಗಳು ತಲೆಮಾರುಗಳಿಂದ ಇದನ್ನು ಹಾಡುತ್ತ ಬಂದಿವೆ. ಕೊನೆಗೆ ಒಂದು ಸಾಲು: 'ಅವರು ನಮ್ಮ ಹೆಳವರ ಹಾಗೆ.' ಪೆನ್ನು 'ಪುರಾವೆ' ಎಂದು ಬರೆದು ಅಲ್ಲೇ ನಿಂತಿತು.

ಮನೆಮನೆಯ ವಂಶಾವಳಿ ಹೇಳುವ ಹೆಳವರು ನಿಮ್ಮ ಕಡೆ ಬರುತ್ತಿದ್ದರೋ ಇಲ್ಲವೋ. ನಮ್ಮೂರಿಗೆ ಎರಡು-ಮೂರು ವರ್ಷಕ್ಕೊಮ್ಮೆ, ಜೋಳದ ರಾಶಿ ಮುಗಿದ ಮೇಲೆ, ಒಬ್ಬ ಹೆಳವ ಎತ್ತಿನ ಮೇಲೆ ಕೂತು, ನಡೆಯಲಾರದವನಂತೆ ಕಾಲಿಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದ. ಇಳಿಯುತ್ತಿರಲಿಲ್ಲ. ಕೂತಲ್ಲಿಂದಲೇ ನಮ್ಮ ಮನೆತನದ ಹೆಸರುಗಳನ್ನೆಲ್ಲ ಹೇಳುತ್ತಿದ್ದ, ಮೂಲಪುರುಷ ಎಮ್ಮೆಯ ಬಾಲ ಹಿಡಿದು ತುಂಬಿದ ಕೃಷ್ಣೆ ದಾಟಿದ್ದರಿಂದ ಹಿಡಿದು ಅಪ್ಪನ ಒಡಹುಟ್ಟಿದವರ ತನಕ. ಅವರಲ್ಲಿ ಒಂದು ಹೆಸರು ತಂಗೆವ್ವ. ಮೂರು ವರ್ಷಕ್ಕೇ ತೀರಿಕೊಂಡ ನನ್ನ ಸೋದರತ್ತೆ. ಅವಳದೊಂದು ಫೋಟೋ ಇಲ್ಲ, ಯಾವ ದಫ್ತರದಲ್ಲೂ ಹೆಸರಿಲ್ಲ. ಮನೆಯಲ್ಲಿ ಯಾರೂ ಅವಳ ಮಾತೆತ್ತುತ್ತಿರಲಿಲ್ಲ. ಆ ಹೆಸರು ಬಂದಾಗ ಮಾತ್ರ ಅಜ್ಜಿ 'ಹೂಂ' ಎಂದು, ಮೊರದ ಜೋಳವನ್ನು ಅವನ ಚೀಲಕ್ಕೆ ಸುರಿಯುತ್ತಿದ್ದಳು.

ಧಾರವಾಡದಲ್ಲಿ ಎಂ.ಎ. ಮುಗಿಸಿ, ಜಗತ್ತಿನ ಸುಳ್ಳುಗಳನ್ನೆಲ್ಲ ಹಿಡಿಯುವ ಗುತ್ತಿಗೆ ಪಡೆದವನಂತೆ ನಾನು ಊರಿಗೆ ಮರಳಿದ ವರ್ಷ ಅವನು ಬಂದ. ಅದೇ ಬೆಳಿಗ್ಗೆ ಅವನು ಹಳ್ಳದಲ್ಲಿ ಎತ್ತಿಗೆ ನೀರು ಕುಡಿಸಿ ಸರಸರ ನಡೆದು ಬರುವುದನ್ನು ಕಂಡಿದ್ದೆ. ಅವನ ಕಥೆ ಎಮ್ಮೆಯ ಬಾಲದ ಹತ್ತಿರ ಬಂದಾಗ ತಡೆದೆ.

"ಪುರಾವೆ ಏನೈತಿ? ನಿನ್ನ ಕಾಲೂ ಸುಳ್ಳು, ಕಥೀನೂ ಸುಳ್ಳು."

ಓಣಿಯ ಜನ ನಕ್ಕರು. ಅವನು ಕಂಬಳಿ ಸರಿಪಡಿಸಿಕೊಂಡ.

"ಕಾಲ ಗಟ್ಟಿ ಅದಾವ್ರಿ ಸಾಹೇಬ್ರ. ನಮ್ಮ ಮೂಲಪುರುಷಗ ನಡ್ಯಾಕ ಬರ್ತಿದ್ದಿಲ್ಲ. ಅವ ಕೂತ ಹೇಳಿದ್ದನ್ನ ನಾವೂ ಕೂತ ಹೇಳ್ತೀವಿ. ಬ್ಯಾಡಂದ್ರ ಬಿಡ್ರಿ."

ಎತ್ತು ತಿರುಗಿಸಿದ. ಅಜ್ಜಿ ಮೊರ ಹಿಡಿದುಕೊಂಡೇ ಓಣಿಯ ತುದಿಯ ತನಕ ಹೋಗಿ ಕರೆದಳು. ಅವನು ನಿಲ್ಲಲಿಲ್ಲ. ಅಜ್ಜಿ ಮರಳಿ ಬಂದು ಹೊಸ್ತಿಲ ಮೇಲೆ ಕೂತು ಒಂದೇ ಮಾತು ಅಂದಳು: "ತಂಗೆವ್ವನ ತನಕ ಬಂದಿದ್ದಿಲ್ಲೋ ಅವ."

ಅವನು ಮತ್ತೆ ನಮ್ಮೂರಿಗೆ ಬರಲಿಲ್ಲ. ಅಜ್ಜಿ ಆ ಹೆಸರನ್ನು ಇನ್ನೊಮ್ಮೆ ಕೇಳದೆಯೇ ತೀರಿಕೊಂಡಳು. ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಮೇಲೆ ಆಫ್ರಿಕದ ಅರಸುಮನೆತನಗಳ ಇತಿಹಾಸ ಬರೆದವರನ್ನು ಓದಿದೆ. ಅವರು ಕಥೆಗಾರರನ್ನು ನಡುವೆ ತಡೆಯಲಿಲ್ಲ. ಕೊನೆಯ ತನಕ ಕೇಳಿ, ಇನ್ನೊಂದು ಊರಿನವರು ಹೇಳಿದ್ದರೊಡನೆ ಹೋಲಿಸಿದರು. ಅರಸ ನಿಜಕ್ಕೂ ಎದ್ದು ನಿಂತನೋ ಎನ್ನುವುದರ ಜೊತೆಗೆ, ಜನ ಅದನ್ನೇ ಯಾಕೆ ಉಳಿಸಿಕೊಂಡರು ಎಂದೂ ಕೇಳಿದರು. ಇದನ್ನು ಪ್ರತಿವರ್ಷ ಪಾಠ ಮಾಡುತ್ತೇನೆ. ಮಾಡಿ, ಮನೆಗೆ ಬಂದು, ಮತ್ತೆ 'ಪುರಾವೆ ಎಲ್ಲಿ?' ಎಂದು ಬರೆಯುತ್ತೇನೆ.

ಆ ಹುಡುಗಿಗೆ ಪೂರ್ತಿ ಅಂಕ ಕೊಟ್ಟೆ. ಆಮೇಲೆ, ದಫ್ತರಗಳನ್ನು ನೋಡಿ ನಾನೇ ಬರೆದಿಟ್ಟಿದ್ದ ನಮ್ಮ ಮನೆತನದ ವಂಶಾವಳಿ ತೆಗೆದು, ಅಪ್ಪನ ಹೆಸರಿನ ಪಕ್ಕ 'ತಂಗೆವ್ವ' ಎಂದು ಸೇರಿಸಿದೆ. ಬರೆದದ್ದಕ್ಕೆ ಆಧಾರ ಕೊಡಬೇಕಲ್ಲ, ಅಭ್ಯಾಸ. ಕೆಳಗೆ 'ಹೇಳಿದವರು' ಎಂದು ಬರೆದು ಮುಂದೆ ಜಾಗ ಬಿಟ್ಟೆ. ನಮ್ಮೆಲ್ಲರ ಹೆಸರು ಬಲ್ಲವನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.